ಗ್ರಹಣದ ದಿನ ಮೀನಿನ ತೊಟ್ಟಿಯ ಮುಚ್ಚಳ ತೆಗೆದವರ ಬಗ್ಗೆ

ಹೆಸರು ಆದಿಲಕ್ಷ್ಮಿ, ತಂದೆ ಕದಿರಪ್ಪ, ವಯಸ್ಸು 22 ವರ್ಷ, ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟವಳು, ಕಸುಬು ರೇಷ್ಮೆ ನೂಲು ಬಿಚ್ಚುವ ಕೂಲಿ, ವಾಸ ಕೆರೆಕೋಡಿ ಬೀದಿ, ಮುಳಬಾಗಿಲು ರಸ್ತೆ, ಕೋಲಾರ. ಠಾಣೆಯಲ್ಲಿ ಕುಳಿತು ನನ್ನ ಕೈಯಿಂದಲೇ ಬರೆದು ತಿಳಿಸುತ್ತಿರುವುದು ಏನೆಂದರೆ:

ನನ್ನ ಸೋದರತ್ತೆ ಆವಲಮ್ಮನವರು ಕಾಣೆಯಾದ ಬಗ್ಗೆ 03-03-1980ರಂದು ಇದೇ ಠಾಣೆಯಲ್ಲಿ ನಾನು ಕೊಟ್ಟ ಹೇಳಿಕೆ ಸುಳ್ಳು. ಮೀನಿನ ತೊಟ್ಟಿಯ ಮುಚ್ಚಳವನ್ನು ಅತ್ತೆ ತೆಗೆದರು ಎಂದು ಅದರಲ್ಲಿದೆ. ತೆಗೆದವಳು ನಾನು. ಎರಡು ವರ್ಷ ಏಳು ತಿಂಗಳು ಇದನ್ನು ಮುಚ್ಚಿಟ್ಟಿದ್ದೆ. ನಿನ್ನೆ ಸಂಜೆ ನನ್ನ ತಂದೆಗೆ ಹೇಳಿದೆ. ಇಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮನೆಯಲ್ಲಿ ಇದ್ದವರು ಮೂವರು. ನನಗೆ ನಾಲ್ಕು ವರ್ಷವಾಗಿದ್ದಾಗ ತಾಯಿ ತೀರಿಕೊಂಡರು. ಆಗ ತಂದೆ ಮದ್ರಾಸಿನಲ್ಲಿ, ಸಮುದ್ರದ ಬಣ್ಣದ ಮೀನುಗಳನ್ನು ಹಿಡಿದು ಹೊರದೇಶಕ್ಕೆ ಕಳಿಸುವ ಒಂದು ಕಂಪನಿಯಲ್ಲಿ ಕೆಲಸಕ್ಕಿದ್ದರು. ಅವರ ಅಕ್ಕ ಆವಲಮ್ಮ ಗಂಡ ಸತ್ತ ಮೇಲೆ ಶ್ರೀನಿವಾಸಪುರದಿಂದ ಬಂದು ನನ್ನನ್ನು ಸಾಕಿದರು. 1977ರ ಅಕ್ಟೋಬರಿನಲ್ಲಿ ತಂದೆ ಆ ಕೆಲಸ ಬಿಟ್ಟು ಬಂದರು. ಬರುವಾಗ, ತಾವೇ ಮುಳುಗಿ ಹಿಡಿದ ಒಂದು ಜೊತೆ ಮೀನನ್ನು ತಂದರು. ಅವಕ್ಕೆ ಟೈಲ್ ಫಿಶ್ ಎನ್ನುತ್ತಾರೆ. ಒಂದೊಂದೂ ಆರು ಅಂಗುಲ, ಬೂದು ಬಿಳುಪು ಮೈ, ಬಾಲದಲ್ಲಿ ಎರಡು ಕಪ್ಪು ಗೆರೆ.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕಬ್ಬಿಣದ ಚೌಕಟ್ಟಿಗೆ ಗಾಜು ಕೂರಿಸಿದ್ದು. ನಡುಮನೆಯ ಪಡುವಣ ಗೋಡೆಗೆ ಒಂದಡಿ ಬಿಟ್ಟು ಸ್ಟ್ಯಾಂಡಿನ ಮೇಲೆ ಇಟ್ಟಿದ್ದರು. ಸಮುದ್ರದ ನೀರಿಗೆ ತಂದೆ ತಿಂಗಳಿಗೊಮ್ಮೆ ತರಕಾರಿ ಲಾರಿಯಲ್ಲಿ ಮದ್ರಾಸಿಗೆ ಹೋಗಿ ಕ್ಯಾನುಗಳಲ್ಲಿ ತುಂಬಿ ತರುತ್ತಿದ್ದರು. ಲಾರಿಯ ಡ್ರೈವರ್ ವೆಂಕಟರಮಣಪ್ಪ, “ಮದ್ರಾಸಿಂದ ಎಲ್ರೂ ಮೀನ್ ತಂದ್ರೆ ನೀನ್ ನೀರ್ ತರ್ತೀಯಲ್ಲಯ್ಯಾ” ಎಂದು ಪ್ರತಿ ಸಲ ನಗುತ್ತಿದ್ದ. ನೀರು ಆವಿಯಾದಾಗ ಉಪ್ಪು ಒಳಗೇ ಉಳಿಯುವುದರಿಂದ ಮೇಲಿಂದ ಸಿಹಿನೀರನ್ನೇ ತುಂಬಬೇಕು. ನಮ್ಮ ಬೋರಿನ ನೀರು ಅದಕ್ಕೆ ಆಗದು. ಅತ್ತೆ ಮಳೆನೀರು ಹಿಡಿದು, ಹಳೇ ಸೀರೆಯಲ್ಲಿ ಸೋಸಿ ಹಂಡೆಯಲ್ಲಿ ಇಟ್ಟಿರುತ್ತಿದ್ದರು. ಹಿಪ್ಪುನೇರಳೆ ತೋಟದಲ್ಲಿ ಎರೆಹುಳ ಅಗೆದು ತಂದು ಸಣ್ಣಗೆ ಹೆಚ್ಚಿ ಹಾಕುತ್ತಿದ್ದವರೂ ಅವರೇ. ಆ ಮೀನುಗಳು ಮರಳಿನಲ್ಲಿ ಒಂದೇ ಬಿಲ ತೋಡಿಕೊಂಡು ಎರಡೂ ಅದರಲ್ಲೇ ಇರುತ್ತಿದ್ದವು. “ಗಂಡ ಹೆಂಡ್ತಿ ಅಂದ್ರೆ ಇವು ಕಣೇ ಲಚ್ಚೀ. ಒಂದೇ ಬಿಲ, ಒಂದಿನ ಜಗಳ ಇಲ್ಲ. ನಿಮ್ಮ ಮಾವ ಹನ್ನೆರಡು ಅಂಕಣದ ಮನೆಯಾಗೂ ನಂಜೊತೆ ಜಾಗಕ್ಕೆ ಜಗಳ ಆಡ್ದ” ಎಂದು ಅತ್ತೆ ಹೇಳುತ್ತಿದ್ದರು.

ಈ ಜಾತಿಯ ಮೀನು ಬೆದರಿದರೆ ನೀರಿನಿಂದ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಹೀಗೆ ಹಾರಿಯೇ ಇವು ಸಾಯುವುದು ಹೆಚ್ಚೆಂದು ತಂದೆ ಹೇಳಿದ್ದರು. ಅದಕ್ಕಾಗಿ ಮರದ ಚೌಕಟ್ಟಿಗೆ ನೈಲಾನ್ ಬಲೆ ಹೊಡೆದು ಮುಚ್ಚಳ ಮಾಡಿದ್ದರು. ಮೇವು ಹಾಕಲು ಅದರಲ್ಲಿ ಎರಡು ಬೆರಳು ಹಿಡಿಯುವಷ್ಟು ತೂತಿತ್ತು. ಕತ್ತಲಲ್ಲಿ ಒಮ್ಮೆಲೇ ಬೆಳಕಾದರೂ ಅವು ಬೆದರುವುದರಿಂದ, ಸಂಜೆ ಮೊದಲು ಮೂಲೆಯಲ್ಲಿ ಸೀಮೆಎಣ್ಣೆ ಬುಡ್ಡಿ ಹಚ್ಚಿ, ಕಾಲು ಗಂಟೆ ಬಿಟ್ಟು ಆಮೇಲೆ ತೊಟ್ಟಿಯ ಮೇಲಿನ ಬಲ್ಬು ಹಾಕಬೇಕು ಎಂಬುದು ಮನೆಯ ನಿಯಮವಾಗಿತ್ತು. ಈ ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು.

14-02-1980ರಂದು ತಂದೆ ನೀರು ತರಲು ಮದ್ರಾಸಿಗೆ ಹೋದರು. 16ನೇ ತಾರೀಖು ಶನಿವಾರ ಸೂರ್ಯಗ್ರಹಣವಿತ್ತು. ಗ್ರಹಣ ಬಿಡುವವರೆಗೆ ಗಾಡಿ ಓಡಿಸುವುದಿಲ್ಲವೆಂದು ವೆಂಕಟರಮಣಪ್ಪ ಲಾರಿಯನ್ನು ವೇಲೂರಿನ ಹತ್ತಿರ ನಿಲ್ಲಿಸಿದ್ದನೆಂದು ನಮಗೆ ಆಮೇಲೆ ತಿಳಿಯಿತು.

ಆ ದಿನ ಮಧ್ಯಾಹ್ನ 1-30ಕ್ಕೆ ಅತ್ತೆ ಉಪ್ಪಿನಕಾಯಿ ಜಾಡಿ, ಹಾಲು, ಕುಡಿಯುವ ನೀರಿನ ಬಿಂದಿಗೆ ಎಲ್ಲಕ್ಕೂ ಒಂದೊಂದು ದರ್ಭೆ ಹಾಕಿದರು. ತೊಟ್ಟಿಗೂ ಹಾಕಬೇಕೆಂದರು. “ಅದು ಕುಡಿಯೋ ನೀರಾ ಅತ್ತೆ? ಮೀನಿಗೆ ಯಾವ ಗ್ರಹಣ?” ಎಂದು ನಾನು ನಕ್ಕೆ. “ಮನೇಲಿರೋ ನೀರೆಲ್ಲ ನೀರೇ ಕಣೇ. ಅವಕ್ಕೂ ಜೀವ ಇಲ್ವಾ?” ಎಂದು ಹೇಳಿ, ಎರಡು ಎಳೆ ದರ್ಭೆಯನ್ನು ಬಲೆಯ ಮೇಲೆ ಇಟ್ಟರು. ಬಲೆ ತೆಗೆಯಲಿಲ್ಲ. “ಕದಿರ ತೆಗೀಬೇಡ ಅಂದವ್ನೆ. ಮೇಲಿದ್ರೂ ಸಾಕು, ದೇವರಿಗೆ ಕಾಣ್ಸುತ್ತೆ” ಎಂದರು. ಇದನ್ನು ನಾನು ಎರಡು ಅಡಿ ದೂರದಿಂದ ಕಣ್ಣಾರೆ ನೋಡಿದ್ದೇನೆ.

ಗ್ರಹಣ ಹಿಡಿದ ಮೇಲೆ ಅತ್ತೆ ಅಡುಗೆಮನೆಯಲ್ಲಿ ಗೋಡೆ ಕಡೆ ಮುಖ ಮಾಡಿ ಕಣ್ಣು ಮುಚ್ಚಿ ಜಪಕ್ಕೆ ಕುಳಿತರು. ನನ್ನನ್ನು ಹೊರಗೆ ಬಿಡಲಿಲ್ಲ. ಒಂದು ಕಡೆ ಕೂರುವುದು ನನಗೆ ಶಾಲೆಯಲ್ಲೂ ಆಗಿರಲಿಲ್ಲ. ತೊಟ್ಟಿಯ ನೇರಕ್ಕೆ ಸೂರಿನಲ್ಲಿ ಒಂದು ಗಾಜಿನ ಹಂಚಿದೆ. ಮಧ್ಯಾಹ್ನದ ಮೇಲೆ ಬಿಸಿಲು ಅದರಿಂದ ನೀರಿನ ಮೇಲೆ ಬೀಳುತ್ತದೆ. ಅಕ್ಕಪಕ್ಕದವರು ತಾಂಬಾಳದ ನೀರಿನಲ್ಲಿ ಸೂರ್ಯನನ್ನು ನೋಡುವುದು ಗೊತ್ತಿದ್ದರಿಂದ, ತೊಟ್ಟಿಯಲ್ಲೂ ಕಾಣಬಹುದೆಂದು ನನಗೆ ಹೊಳೆಯಿತು. ಬಲೆ ಅಡ್ಡವಾಗಿತ್ತು. 3-20ಕ್ಕೆ ನಾನು ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದೆ. ಎತ್ತುವಾಗ ಚೌಕಟ್ಟಿನ ಮೊಳೆ ತಾಗಿ ಬಲಗೈ ಹೆಬ್ಬೆರಳು ಹರಿಯಿತು. ದರ್ಭೆ ಜಾರಿ ನೀರಿಗೆ ಬಿತ್ತು. ಅದನ್ನು ನಾನು ಆಗ ಗಮನಿಸಲಿಲ್ಲ.

ನೀರಿನಲ್ಲಿ ಸೂರ್ಯ ಕಂಡ. ಕುಡುಗೋಲಿನ ಹಾಗಿದ್ದ. ಅದನ್ನು ನೋಡುತ್ತಾ ನಿಂತೆ. 3-45ರ ಹೊತ್ತಿಗೆ ಮನೆಯೊಳಗೆ ಮಬ್ಬು ಕವಿಯಿತು. ಮೀನುಗಳು ಸಂಜೆಯಾಯಿತೆಂದು ಬಿಲಕ್ಕೆ ಇಳಿಯುತ್ತಿದ್ದವು. ಅವು ಏನು ಮಾಡುತ್ತವೆಂದು ನೋಡಬೇಕೆನಿಸಿ, ಬುಡ್ಡಿ ಹಚ್ಚದೆ, ಒಮ್ಮೆಲೇ ಬಲ್ಬಿನ ಸ್ವಿಚ್ಚು ಹಾಕಿದೆ.

ಎರಡೂ ಒಟ್ಟಿಗೆ ಹಾರಿದವು. ಒಂದು ಗೋಡೆಗೆ ಬಡಿದು ನನ್ನ ಕಾಲ ಬಳಿ ಬಿತ್ತು. ಇನ್ನೊಂದು ಸ್ಟ್ಯಾಂಡಿನ ಹಿಂದೆ ಬಿತ್ತು. ಮೊದಲನೆಯದನ್ನು ತಕ್ಷಣ ನೀರಿಗೆ ಬಿಟ್ಟೆ. ಅದು ಮಗ್ಗುಲಾಗಿ ತೇಲಿತು. ಸ್ಟ್ಯಾಂಡಿನ ಹಿಂದೆ ನನ್ನ ಕೈ ಹೋಗಲಿಲ್ಲ. ಎರಡನೆಯದು ನೆಲಕ್ಕೆ ಬಡಿದುಕೊಳ್ಳುವ ಸದ್ದು ಕೇಳುತ್ತಿತ್ತು. ಪೊರಕೆಯ ಹಿಡಿಯಿಂದ ಎಳೆದು ತೆಗೆಯುವಾಗ ಹತ್ತು ನಿಮಿಷವಾಗಿತ್ತು. ಅಷ್ಟರಲ್ಲಿ ಸದ್ದು ನಿಂತಿತ್ತು. ಎರಡನ್ನೂ ನೀರಿನೊಳಗೆ ಒಂದೊಂದು ಕೈಯಲ್ಲಿ ನೆಟ್ಟಗೆ ಹಿಡಿದು, ಬಾಯಿಗೆ ನೀರು ಹೋಗಲೆಂದು ಹಿಂದಕ್ಕೂ ಮುಂದಕ್ಕೂ ಆಡಿಸಿದೆ. ಅವು ಉಸಿರಾಡಲಿಲ್ಲ.

ಗ್ರಹಣ ಬಿಟ್ಟ ಮೇಲೆ ಸುಮಾರು 5 ಗಂಟೆಗೆ ಅತ್ತೆ ಉಟ್ಟ ಸೀರೆಯಲ್ಲೇ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದರು. ನಾನು ಇನ್ನೂ ತೊಟ್ಟಿಯಲ್ಲಿ ಕೈ ಇಟ್ಟುಕೊಂಡೇ ನಿಂತಿದ್ದೆ. ಅವರು ಮೀನನ್ನು ನೋಡಿದರು, ನನ್ನ ಬೆರಳು ನೋಡಿದರು. ಏನಾಯಿತೆಂದು ಕೇಳಲಿಲ್ಲ. “ಕೈ ತೆಗಿ ತಾಯಿ, ಉಪ್ಪು ನೀರು, ಗಾಯ ಉರಿಯುತ್ತೆ. ಹೋಗಿ ಸ್ನಾನ ಮಾಡು” ಎಂದರು. ಮೀನುಗಳನ್ನು ಒಂದು ತಟ್ಟೆಗೆ ತೆಗೆದು ಬಾಳೆಲೆ ಮುಚ್ಚಿದವರು ಅವರೇ.

17ನೇ ತಾರೀಖು ಬೆಳಿಗ್ಗೆ 7-40ಕ್ಕೆ ತಂದೆ ಕ್ಯಾನುಗಳೊಂದಿಗೆ ಬಂದರು. ತಟ್ಟೆ ನೋಡಿದರು. ನೀರಿನಲ್ಲಿದ್ದ ದರ್ಭೆ ಎತ್ತಿ ಹಿಡಿದು ಮುಚ್ಚಳ ತೆಗೆದವರು ಯಾರೆಂದು ಕೇಳಿದರು. ಶಾಲೆ ಬಿಟ್ಟಾಗಿನಿಂದ ತಂದೆ, ಇನ್ನೊಂದು ತರಲೆ ಮಾಡಿದರೆ ಮೊದಲು ಬಂದ ಗಂಡಿಗೆ ನನ್ನನ್ನು ಕಟ್ಟಿ ಕಳಿಸುವುದಾಗಿ ಹೇಳುತ್ತಿದ್ದರು. ಅತ್ತೆಗೆ ಅದು ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಅವರು, “ನಾನೇ ಕಣ್ಲಾ. ಗ್ರಹಣ ಅಲ್ವಾ, ದರ್ಭೆ ಹಾಕೋಣ ಅಂತ ತೆಗ್ದೆ” ಎಂದರು.

ತಂದೆ, “ಎಲ್ಡು ವರ್ಷ ನಾಲ್ಕು ತಿಂಗ್ಳು ಉಳಿಸ್ಕೊಂಡಿದ್ದೆ ಅಕ್ಕ. ಮದ್ರಾಸಿನ ದೊಡ್ಡೋರ ಕೈಲಿ ಮೂರು ತಿಂಗ್ಳು ಉಳಿದಿಲ್ಲ. ನಿನ್ನ ಒಂದು ಕಡ್ಡಿ ಹುಲ್ಲಿಗೆ ಹೋಯ್ತಲ್ಲ” ಎಂದರು. ಜೋರಾಗಿ ಹೇಳಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಸುಮ್ಮನಿದ್ದೆ.

ಅಂದಿನಿಂದ ತಂದೆ ಅತ್ತೆಯ ಕೈಯಡುಗೆ ಬಿಟ್ಟರು. ಬೇರೆ ಒಲೆ ಹೂಡಿ ತಾವೇ ಮುದ್ದೆ ತಿರುವಿಕೊಂಡು ಜಗುಲಿಯಲ್ಲಿ ಕುಳಿತು ಉಣ್ಣುತ್ತಿದ್ದರು. ಅತ್ತೆ ದಿನವೂ ಮೂರು ಜನಕ್ಕೆ ಮುದ್ದೆ ತಿರುವುತ್ತಿದ್ದರು. ಒಂದು ಮಿಕ್ಕುತ್ತಿತ್ತು. ಹತ್ತು ದಿನ ಹೀಗೆ ನಡೆಯಿತು. ತಮ್ಮನ ಮನೆಯಲ್ಲಿರುವ ವಿಧವೆಗೆ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಎಂಟನೆಯ ದಿನ ನಾನು ಅತ್ತೆಗೆ, ಅಪ್ಪನಿಗೆ ಹೇಳಿಬಿಡುತ್ತೇನೆ ಎಂದೆ. “ಏಮೇ, ನಿಂಗೆ ಬುದ್ಧಿ ಇಲ್ವಾ? ನಂದು ಆಗೋಯ್ತು. ನಿಂದು ಇನ್ನೂ ಆಗ್ಬೇಕು” ಎಂದು ಗದರಿದರು. ನಾನು ಹೇಳದೆ ಉಳಿದದ್ದು ಅವರು ತಡೆದರೆಂದಲ್ಲ. ಹೆದರಿಕೆಯಿಂದ ಹೇಳಲಿಲ್ಲ.

27-02-1980ರಂದು ಬೆಳಿಗ್ಗೆ 10-20ರ ಬಸ್ಸಿಗೆ, ಶ್ರೀನಿವಾಸಪುರದ ಗಂಡನ ಮನೆಯವರನ್ನು ನೋಡಿ ಬರುವುದಾಗಿ ಹೇಳಿ ಅತ್ತೆ ಹೋದರು. ಅಲ್ಲಿಗೆ ತಲುಪಲಿಲ್ಲ. ತಂದೆ ನಾಲ್ಕು ದಿನ ಹುಡುಕಿ 03-03-1980ರಂದು ದೂರು ಕೊಟ್ಟರು. ಗ್ರಹಣದ ದಿನ ಮುಚ್ಚಳ ತೆಗೆದಾಗಿನಿಂದ ಅಕ್ಕನ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲವೆಂದು ಅದರಲ್ಲಿ ಬರೆಸಿದರು. ಇದು ನಿಜವೇ ಎಂದು ಆಗಿನ ಅಧಿಕಾರಿ ನನ್ನನ್ನು ಕೇಳಿದಾಗ ಹೌದು ಎಂದೆ.

ಈ ವರ್ಷ ಫೆಬ್ರವರಿ 11ರಂದು, ಗಡಿಯಾಚೆಯ ಸಂತೆಗಳಿಗೆ ಹುಣಸೆಹಣ್ಣು ಮಾರಲು ಹೋಗುವ ನಮ್ಮ ಬೀದಿಯ ಮುನಿಶಾಮಮ್ಮ, ಪುಂಗನೂರಿನ ಹೊರಗಿನ ಒಂದು ಛತ್ರದಲ್ಲಿ ಅತ್ತೆಯನ್ನು ನೋಡಿದೆನೆಂದು ತಿಳಿಸಿದರು. ಅಲ್ಲಿ ಅಕ್ಕಿ ಆರಿಸಿ ಕೊಟ್ಟು ಊಟ ಮಾಡಿಕೊಂಡಿದ್ದರಂತೆ. ಲಚ್ಚಿಗೆ ಮದುವೆ ಆಯಿತೇ ಎಂದು ಕೇಳಿದರಂತೆ. ತಮ್ಮ ಬಂದು ಕರೆದರೆ ಬರುತ್ತೇನೆ ಎಂದರಂತೆ. ನಮ್ಮ ಮನೆಯಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡೂವರೆ ಗಂಟೆಯ ದಾರಿ.

ಅತ್ತೆ ಅಲ್ಲಿರುವುದನ್ನು ಅದೇ ಸಂಜೆ ತಂದೆಗೆ ಹೇಳಿದೆ. ಅವರು, “ನಾನೇನು ಆಚೆಗ್ ಹಾಕಿದ್ನಾ? ಬರ್ಲಿ. ಮಾಡಿದ್ದು ತಪ್ಪಾಯ್ತು ಅಂತ ಒಂದು ಮಾತು ಅನ್ಲಿ, ಸಾಕು” ಎಂದರು. ಆ ಕ್ಷಣ ನಾನು ನಿಜ ಹೇಳಿದ್ದರೆ ಮರುದಿನದ ಮೊದಲ ಬಸ್ಸಿಗೆ ಅವರು ಹೋಗುತ್ತಿದ್ದರು. ಇದರಲ್ಲಿ ನನಗೆ ಅನುಮಾನವಿಲ್ಲ. ನಾನು ಹೇಳಲಿಲ್ಲ. ಅತ್ತೆ ಇರುವ ಜಾಗವನ್ನು ಠಾಣೆಗೂ ತಿಳಿಸಲಿಲ್ಲ.

04-10-1982ರಂದು ಮುನಿಶಾಮಮ್ಮ ಮತ್ತೆ ಬಂದರು. ಅತ್ತೆ ಸೆಪ್ಟೆಂಬರ್ 9ರಂದು ಜ್ವರದಿಂದ ತೀರಿಕೊಂಡರೆಂದೂ, ಊರು ಕೇರಿ ಕೇಳಿದರೆ ಹೇಳುತ್ತಿರಲಿಲ್ಲವಾದ್ದರಿಂದ ಛತ್ರದವರೇ ಮಣ್ಣು ಮಾಡಿದರೆಂದೂ ತಿಳಿಸಿದರು.

ನಿನ್ನೆ ಸಂಜೆ 6-30ಕ್ಕೆ ತಂದೆಯನ್ನು ಕೂರಿಸಿ ಎಲ್ಲವನ್ನೂ ಹೇಳಿದೆ. ಅವರು ಹೊಡೆಯಲಿಲ್ಲ. “ಬುಡ್ಡಿ ಹಚ್ಚಿರ್ಲಿಲ್ವಾ?” ಎಂದು ಒಂದೇ ಮಾತು ಕೇಳಿದರು. ಇಲ್ಲ ಎಂದೆ. ಎದ್ದು ಹಿತ್ತಿಲಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ನಾನು ಹೋಗಿ ನೋಡಿದಾಗ ಕಲ್ಲಿನ ಮೇಲೆ ಕುಳಿತಿದ್ದರು. “ಮೂವತ್ತು ತಿಂಗ್ಳು ಒಂದು ಮಾತು ಕೇಳ್ಳಿಲ್ಲ ನಾನು. ಅಕ್ಕ ಯಾವತ್ತಾದ್ರೂ ನಾನು ಬೇಡ ಅಂದಿದ್ದು ಮಾಡಿದ್ಲಾ ಅಂತ ಯೋಚ್ನೆ ಮಾಡ್ಲಿಲ್ಲ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಇಂದು ಬೆಳಿಗ್ಗೆ ನಾನು ತಿರುವಿದ ಮುದ್ದೆಯನ್ನು ಅವರು ಮುಟ್ಟಲಿಲ್ಲ.

ಕಾಣೆಯಾದವರು ಸತ್ತದ್ದು ಗೊತ್ತಾದ ಮೇಲೆ ಫೈಲು ಮುಗಿಯುತ್ತದೆ, ಮೀನಿನ ಕಥೆ ಠಾಣೆಗೆ ಯಾಕಮ್ಮ ಎಂದು ಇಲ್ಲಿನ ಹೆಡ್ ಕಾನ್‌ಸ್ಟೆಬಲ್ಲರು ನನಗೆ ಎರಡು ಸಲ ಹೇಳಿದರು. ಮೂರನೇ ಸಲ ಕೇಳಿದಾಗ ಕಾಗದ ಕೊಟ್ಟರು. ನನ್ನ ಕೋರಿಕೆ ಇಷ್ಟೇ. ಆ ಫೈಲಿನಲ್ಲಿ ಅತ್ತೆಯ ಬುದ್ಧಿ ಸ್ಥಿಮಿತದಲ್ಲಿ ಇರಲಿಲ್ಲವೆಂದು ಇರುವ ಸಾಲನ್ನು ಹೊಡೆದು ಹಾಕಬೇಕು. ಅವರ ಬುದ್ಧಿ ಕೊನೆಯವರೆಗೂ ಸರಿಯಾಗಿತ್ತು. ಸುಳ್ಳು ಹೇಳಿಕೆ ಕೊಟ್ಟಿದ್ದಕ್ಕೆ ನನ್ನ ಮೇಲೆ ಏನು ಕ್ರಮ ತೆಗೆದುಕೊಂಡರೂ ನನ್ನ ತಕರಾರಿಲ್ಲ.

ಇಷ್ಟನ್ನೂ ಯಾರ ಒತ್ತಾಯವೂ ಇಲ್ಲದೆ ಬರೆದು, ಎರಡು ಸಲ ಓದಿ ನೋಡಿದ್ದೇನೆ. ಈ ಸಲ ಇದರಲ್ಲಿ ಸುಳ್ಳಿಲ್ಲ, ಮುಚ್ಚಿಟ್ಟದ್ದೂ ಇಲ್ಲ. ಛತ್ರದವರಿಗೆ ಅತ್ತೆಯ ಹೆಸರು, ಊರು ಹೇಳಿ, ಮಣ್ಣು ಮಾಡಿದ ಜಾಗ ನೋಡುವುದಿದೆ. ತಂದೆ ಬರುವುದಾಗಿ ಹೇಳಿಲ್ಲ. ನಾಳೆ ಬೆಳಿಗ್ಗೆ 6-10ರ ಬಸ್ಸಿಗೆ ನಾನು ಪುಂಗನೂರಿಗೆ ಹೋಗುತ್ತಿದ್ದೇನೆ.

ಸ್ಥಳ: ಕೋಲಾರ
ದಿನಾಂಕ: 06-10-1982

ಸಹಿ
ಕೆ. ಆದಿಲಕ್ಷ್ಮಿ