ಉತ್ತರ ಬಾರದ ಈಸ್ಟರ್

ಈಗಷ್ಟೇ ಓದಿದ ವಾಕ್ಯಭಾಗವನ್ನು ಗಮನಿಸಿದಿರಾ ಪ್ರಿಯರೇ? ಬೆಳಗಿನ ಜಾವ ಹೆಂಗಸರು ಸಮಾಧಿಗೆ ಹೋದರು. ಕಲ್ಲು ಉರುಳಿತ್ತು, ಕರ್ತನು ಎದ್ದಿದ್ದನು. ಎಂಥ ಸಂತೋಷ! ಆದರೆ ಆ ಹೆಂಗಸರು ಹೆದರಿ ಓಡಿದರಂತೆ, ಯಾರಿಗೂ ಏನೂ ಹೇಳಲಿಲ್ಲವಂತೆ. ಯಾರಿಗೂ ಹೇಳದೆ ಹೋಗಿದ್ದರೆ ನಿಮಗೂ ನನಗೂ ಗೊತ್ತಾಗಿದ್ದು ಹೇಗೆ? ದಾರಿಯಲ್ಲಿ ಎಲ್ಲೋ ಒಬ್ಬಳ ಬಾಯಿ ತೆರೆಯಿತು. ಆ ಬಾಯಿ ತೆರೆದಾಗ ಏನಾಗುತ್ತದೆ? ಕೇಳಿ, ಒಂದು ಕಥೆ ಹೇಳುತ್ತೇನೆ.

ಒಂದೂರಲ್ಲಿ ಒಬ್ಬ ಸಾಹುಕಾರ. ಅವನ ಹೆಸರನ್ನು ನಾನು ಹೇಳುವುದಿಲ್ಲ. ಚರ್ಚಿನ ಗಂಟೆಯ ಮೇಲೆ, ಬೆಂಚಿನ ಬೆನ್ನ ಮೇಲೆ, ಫ್ಯಾನಿನ ರೆಕ್ಕೆಯ ಮೇಲೆ ಅವನೇ ಬರೆಸಿಟ್ಟಿದ್ದಾನೆ. ಆ ಊರಿನ ಕ್ರೈಸ್ತರ ಸ್ಮಶಾನದ ನಡುವೆ ಅವನ ಅಪ್ಪ ಕಟ್ಟಿಸಿದ ಗೋಡೆ. ಈಚೆ ಅಮೃತಶಿಲೆಯ ಗೋರಿಗಳು. ಆಚೆ ಕೆಳಗೇರಿಯವರ ಮಣ್ಣಿನ ದಿಬ್ಬಗಳು, ಸುತ್ತ ಜಾಲಿಮುಳ್ಳು. ನೋಡಿ, ದೀಕ್ಷಾಸ್ನಾನದ ನೀರು ಒಂದೇ, ಮುರಿಯುವ ರೊಟ್ಟಿ ಒಂದೇ, ಸತ್ತ ಮೇಲೆ ಮಾತ್ರ ಜಾತಿ ನೆನಪಾಗುತ್ತದೆ!

ಪ್ರತಿ ಈಸ್ಟರಿಗೂ ಸೂರ್ಯ ಹುಟ್ಟುವ ಮುಂಚೆ ಸಭೆಯೆಲ್ಲ ಮೇಣದಬತ್ತಿ ಹಿಡಿದು ಅಲ್ಲಿಗೆ ಹೋಗುತ್ತಿತ್ತು. ಸಭಾಪಾಲಕ ಅಯ್ಯನವರು ಈಚೆ ನಿಂತು "ಕರ್ತನು ಎದ್ದಿದ್ದಾನೆ!" ಎಂದು ಕೂಗಬೇಕು. ಗೋಡೆಯ ಎರಡೂ ಕಡೆಯಿಂದ "ನಿಜವಾಗಿ ಎದ್ದಿದ್ದಾನೆ!" ಎಂದು ಉತ್ತರ ಬರಬೇಕು. ಆಮೇಲೆ ಸಾಹುಕಾರನ ಖರ್ಚಿನಲ್ಲಿ ಎಲ್ಲರಿಗೂ ಇಡ್ಲಿ.

ಒಂದು ವರ್ಷ ಅಯ್ಯನವರು ಕೂಗಿದರು. ಈಚೆಯವರು ಉತ್ತರ ಕೊಟ್ಟರು. ಆಚೆಯಿಂದ ಸದ್ದಿಲ್ಲ. ಮತ್ತೆ ಕೂಗಿದರು. ಸದ್ದಿಲ್ಲ. ಆಗ ಗೋಡೆಯ ಆಚೆಯಿಂದ ಒಂದು ಹೆಣ್ಣುದನಿ:

"ಎಲ್ಲಿ ಎದ್ದವ್ನೆ ಅಯ್ನೋರೆ? ನಿಮ್ಮ ಕಡೆಯಾ, ನಮ್ಮ ಕಡೆಯಾ? ನಮಗೆ ಬರೀ ಗೋಡೆ ಕಾಣ್ತದೆ."

"ಯಾರೇ ಅದು, ಸಲೋಮಿಯಾ?" ಸಾಹುಕಾರ ಗುರುತು ಹಿಡಿದ.

"ಹೂಂ ಸಾವ್ಕಾರ್ರೆ. ನಿಮ್ಮನೆ ಪಾತ್ರೆ ತಿಕ್ಕೋ ಸಲೋಮಿನೇ."

"ಉತ್ತರ ಕೊಡೇ! ಇಡ್ಲಿ ಆರಿಹೋಗ್ತವೆ!"

"ಇಡ್ಲಿ ಬೇಯ್ತಿರೋದೇ ನಮ್ಮ ಕೇರೀಲಿ. ಆರಿದ್ರೆ ಇನ್ನೊಂದು ಸಲ ಬೇಯಿಸ್ತೀವಿ. ಅಯ್ನೋರು ಈ ಕಡೆ ಬಂದು ನಮ್ಮವ್ವನ ಗೋರಿ ಹತ್ರ ನಿಂತು ಹೇಳ್ಲಿ. ಊರಿಗೆಲ್ಲ ಕೇಳೋ ಹಂಗೆ ಉತ್ತರ ಕೊಡ್ತೀನಿ."

ಕೇಳಿದಿರಾ? ಅವರ ಕೈಯ ಇಡ್ಲಿಗೆ ಗೋಡೆಯಿಲ್ಲ, ಅವರ ಹೆಣಕ್ಕೆ ಮಾತ್ರ ಗೋಡೆ!

"ನಾಳೆಯಿಂದ ಕೆಲಸಕ್ಕೆ ಬರಬೇಡ!" ಸಾಹುಕಾರ ಗುಡುಗಿದ. "ಹಿತ್ತಲ ಕೋಣೆನೂ ಖಾಲಿ ಮಾಡು!"

ಆ ಕೋಣೆ ಬಿಟ್ಟರೆ ಅವಳಿಗೆ ಬೇರೆ ಸೂರಿರಲಿಲ್ಲ. ಹೆದರಿದಳಾ? ಹೆದರಿದಳು! ಹಿಡಿದ ಬತ್ತಿ ವಾಲಿ ಬಿಸಿ ಮೇಣ ಬೆರಳ ಮೇಲೆ ಬಿತ್ತು. ಆದರೆ ಓಡಲಿಲ್ಲ.

"ಆಗ್ಲಿ ಸಾವ್ಕಾರ್ರೆ. ಕೋಣೆ ನಿಮ್ದು, ತಗೊಳ್ಳಿ. ಕರ್ತ ನಿಮ್ಮ ಹಿತ್ತಲಲ್ಲಿ ಬಾಡಿಗೆಗಿಲ್ಲ."

ಆಮೇಲೆ ಏನಾಯಿತು? ದೇವದೂತ ಬಂದನಾ? ಭೂಮಿ ನಡುಗಿತಾ? ಅದೇನೂ ಇಲ್ಲ. ಗೋರಿಗಳ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಸಾಹುಕಾರನ ಮುದಿ ತಾಯಿ ಎದ್ದಳು.

"ಅಯ್ನೋರೆ, ಕೈ ಹಿಡೀರಿ. ಆ ಕಡೆ ಹೋಗೋಣ."

"ಅವ್ವಾ, ಮುಳ್ಳಿದೆ!" ಸಾಹುಕಾರ ತಡೆದ.

"ನಿಮ್ಮಪ್ಪ ಗೋಡೆ ಕಟ್ಟಿಸ್ದ, ದಾರಿ ಮಾಡಿಸ್ಲಿಲ್ಲ. ಮುಳ್ಳಿರದೆ ಮಲ್ಲಿಗೆ ಇರ್ತದಾ?"

ಅಯ್ಯನವರು ಒಮ್ಮೆ ಸಾಹುಕಾರನ ಮುಖ ನೋಡಿದರು, ಒಮ್ಮೆ ತಮ್ಮ ಮೇಣದಬತ್ತಿ ನೋಡಿದರು. ಆಮೇಲೆ ನಿಲುವಂಗಿ ಎತ್ತಿಕೊಂಡು ನಡೆದೇಬಿಟ್ಟರು. ಅವರ ಹಿಂದೆ ಗಾಯಕರು, ಹಿಂದೆ ಹಿರಿಯರು, ಹಿಂದೆ ರೇಷ್ಮೆ ಸೀರೆಗಳು, ಮುಳ್ಳಿಗೆ ಸಿಕ್ಕ ಸೆರಗುಗಳು, "ಅಯ್ಯೋ, ಕಾಲು!" ಎನ್ನುವ ಕೂಗು, ನಗು. ಸಲೋಮಿಯ ತಾಯಿಯ ದಿಬ್ಬದ ಹತ್ತಿರ ನಿಂತು ಅಯ್ಯನವರು ಕೂಗಿದರು. ಸಲೋಮಿ ಕೊಟ್ಟ ಉತ್ತರಕ್ಕೆ ಜಾಲಿಮರದ ಹಕ್ಕಿಗಳೆಲ್ಲ ಎದ್ದು ಹಾರಿದವು.

ಗೋಡೆಯ ಈಚೆ ಸಾಹುಕಾರನೊಬ್ಬನೇ ಉಳಿದ. ಸಲೋಮಿಯೇ ಕರೆದಳು: "ಒಬ್ರೇ ಅಲ್ಲೇನ್ ಮಾಡ್ತೀರಾ ಸಾವ್ಕಾರ್ರೆ? ಪಂಚೆ ಎತ್ಕೊಂಡು ಬನ್ನಿ!" ಬಂದನಾ? ಆ ದಿನ ಬರಲಿಲ್ಲ. ಸಲೋಮಿಗೆ ಕೋಣೆ ಸಿಕ್ಕಿತಾ? ಅಂದಿನಿಂದ ಅವಳು ಅಯ್ಯನವರ ಮನೆಯಲ್ಲಿದ್ದಳು. ಇಡ್ಲಿ ಮಾತ್ರ ಆರಿರಲಿಲ್ಲ.

ಸಾಹುಕಾರನನ್ನು ನೋಡಿ ನಕ್ಕಿರಿ. ನಗಿ, ಹಬ್ಬವಲ್ಲವೇ! ಆದರೆ ನಿಮ್ಮ ಮನೆಯ ಪಾತ್ರೆ ತಿಕ್ಕುವವಳಿಗೆ ಚಹಾ ಕೊಡುವ ಲೋಟ ಎಲ್ಲಿದೆ? ನಲ್ಲಿಯ ಹಿಂದೆ ಕವುಚಿಟ್ಟಿದ್ದೀರಿ. ಇವತ್ತೇ ಅದನ್ನು ನಿಮ್ಮ ಲೋಟಗಳ ಸಾಲಿಗೆ ತನ್ನಿ. ಮಗಳಿಗೆ ವರ ಬಂದಾಗ "ಯಾವ ಕೇರಿಯವರು?" ಎಂದು ಕೇಳುವ ನಾಲಿಗೆಯನ್ನು ಇವತ್ತೇ ಕಚ್ಚಿಕೊಳ್ಳಿ. ಹಿಂದಿನ ಬೆಂಚಿನವರೇ, ಕೆಲಸ ಹೋದೀತೆಂದು ನುಂಗಿಕೊಂಡ ಮಾತನ್ನು ಆಡಿ. ಅದನ್ನು ಆಡಿದವರ ಸೂರು ಹೋದರೆ ಮುಂದಿನ ಬೆಂಚಿನವರೇ, ಬಾಗಿಲು ತೆರೆಯುವ ಕೆಲಸ ನಿಮ್ಮದು.

ಈಗ "ಕರ್ತನು ಎದ್ದಿದ್ದಾನೆ" ಎಂದು ನಾನು ಕೂಗಬೇಕು. ಕೂಗುವುದಿಲ್ಲ. ಈ ಸಭೆಯಲ್ಲಿ ನೀವು ಇದುವರೆಗೆ ಯಾರ ಪಕ್ಕ ಕೂತಿಲ್ಲವೋ, ಮೊದಲು ಎದ್ದು ಹೋಗಿ ಅವರ ಪಕ್ಕ ಕೂತುಕೊಳ್ಳಿ.

ಹೋಗಿ. ನಾನು ಕಾಯುತ್ತೇನೆ.