ಎರಡು ಸೀಸೆ, ಒಂದು ಡಬ್ಬಿ

ಹಲ್ಲಿನ ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕುಳಿತಿದ್ದರು. ಇಬ್ಬರ ಕೈಯಲ್ಲೂ ಒಂದೇ ಬಗೆಯ ಖಾಲಿ ಮಾತ್ರೆ ಸೀಸೆ.

“ಬಾಯುರಿ ಹೇಗಿದೆ ಅಕ್ಕ?”

“ನಿನ್ನೆ ಹುಳಿ ಕಿತ್ತಳೆ ತಿಂದೆ ಕಣೆ. ಉರೀಲೇ ಇಲ್ಲ. ಎಷ್ಟು ವರ್ಷ ಆಗಿತ್ತು. ನಿಂಗೆ?”

“ನನ್ನ ಹುಣ್ಣೂ ಒಣಗಿದೆ. ಇಲ್ಲಿ ಕೊಟ್ಟ ಆ ಗಿಡದ ಬೇರಿನ ಮಾತ್ರೆ ಕೆಲಸ ಮಾಡ್ತು ಅನ್ಸುತ್ತೆ.”

“ಡಾಕ್ಟರಮ್ಮಂಗೆ ಖುಷಿಯಾಗುತ್ತೆ ಬಿಡು.”

“ಅಲ್ಲೇ ಎಡವಟ್ಟಾಗಿರೋದು. ಕೆಲವರಿಗೆ ಬೇರಿಂದು, ಕೆಲವರಿಗೆ ಬರೀ ಹಿಟ್ಟಿಂದು ಕೊಟ್ಟು ಹೋಲಿಸಿ ನೋಡ್ತೀವಿ ಅಂದಿದ್ರು. ನೀನು ನಮ್ಮ ಎರಡೂ ಸೀಸೆ ಒಂದೇ ಡಬ್ಬಿಗೆ ಸುರಿದು ಇಬ್ಬರಿಗೂ ಹಂಚಿಬಿಟ್ಟೆ.”

“ಮತ್ತೆ? ನಿಂಗೆ ಹಿಟ್ಟು ಸಿಕ್ಕಿ, ನಾನೊಬ್ಬಳೇ ಗುಣ ಆಗಿದ್ರೆ ಚೆನ್ನಾಗಿರ್ತಿತ್ತಾ?”

“ಹಾಗಲ್ಲ. ನಮ್ಮ ಥರ ಬಾಯುರಿ ಇರೋರು ಎಷ್ಟು ಜನ ಈ ಪರೀಕ್ಷೆ ನಂಬ್ಕೊಂಡು ಕೂತಿದ್ದಾರೋ.”

ಅಕ್ಕ ಖಾಲಿ ಸೀಸೆಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದಳು.

“ಹೇಳಿಬಿಡೋಣ. ಬೈದ್ರೆ ಬೈಸ್ಕೊಳ್ಳೋಣ.”

ನರ್ಸ್ ಬಾಗಿಲು ತೆರೆದು ಅಕ್ಕನನ್ನು ಕರೆದಳು. ತಂಗಿಯೂ ಎದ್ದಳು.

“ಒಬ್ಬೊಬ್ಬರೇ ಬರ್ಬೇಕಮ್ಮ.”

“ಇವಳೂ ಬರ್ಲಿ ಸಿಸ್ಟರ್. ಬೈಗುಳಾನೂ ಅರ್ಧ ಅರ್ಧ ಹಂಚ್ಕೋತೀವಿ,” ಎನ್ನುತ್ತ ಅಕ್ಕ ತಂಗಿಯ ಕೈ ಹಿಡಿದು ಒಳಗೆ ನಡೆದಳು.