ಕಸಬರಗಿಗೆ ಕೈಮುಗಿದ ಯಂತ್ರ

ವಿಕ್ರೋಳಿಯ ಕಾರ್ಖಾನೆಯೊಂದು ಹಾಲವ್ವನ ತಲೆಗೆ ಕ್ಯಾಮೆರಾ ಕಟ್ಟಿ, ಅವಳ ಗುಡಿಸುವ ಕೆಲಸವನ್ನು ಯಂತ್ರಮಾನವನಿಗೆ ಕಲಿಸಿಕೊಂಡು, ಅವಳನ್ನೇ ಹೊರಹಾಕಿತು. ಬಸ್ಸಿನ ಸಾಲಿನಲ್ಲಿ ಸೂಪರ್‌ವೈಸರ್ ಯಲ್ಲಾಲಿಂಗ ಅವಳನ್ನು ಗೋಗರೆಯುತ್ತಿದ್ದ. ಹಿಂದೆ ಬಸ್ಸಿಗೆ ಕಾಯುತ್ತಿದ್ದ ಚಂಪಾ ಎಂಬಾಕೆಯ ಕಿವಿಗಳು ನೆಟ್ಟಗಾದವು.

“ಯಕ್ಕಾ, ಆ ಮಿಶಿನ್ ಕಸಬರಗಿ ಕಣ್ಣಿಗೊತ್ತಿಕೊಳ್ಳಲಾರದ ಕೆಲಸಾನ ಶುರು ಮಾಡಂಗಿಲ್ಲ.”

“ನನ್ನ ನೋಡೇ ಕಲ್ತೈತಿ.”

“ಈಗ ಉಳಿದ ಮಿಶಿನ್‌ಗೂ ಕಲಿಸೈತಿ. ತನ್ನ ಮಾಡಿದ ಇಂಜಿನಿಯರ್ ಮಾತೂ ಕೇಳವಲ್ದು.”

“ನಿನಗಿಂತ ಛಲೋ ಐತಿ ಬಿಡು. ನೀ ಸಾಹೇಬಗಷ್ಟ ಕೈಮುಗಿಯಾಂವ.”

“ನಗಬ್ಯಾಡ. ಕಣ್ಣಿಗೊತ್ತಲಾರದ ಒಂದ್ಸಲ ಗುಡಿಸಿ ತೋರಸು, ಬಿಡತೈತಿ. ನಿನ್ನ ಮತ್ತ ಕೆಲಸಕ್ಕ ತಗೋತಾರ.”

ಬಸ್ಸು ಬಂತು. ಹಾಲವ್ವ ಮೆಟ್ಟಿಲು ಹತ್ತಿ ತಿರುಗಿದಳು.

“ಒಲ್ಲೆನೋ ತಮ್ಮಾ. ಅಲ್ಲಿ ನಂದಂತ ಉಳಿದದ್ದು ಅದೊಂದ.”